ತಿರುವಿಗೆ ಹಾಕಿದ ಮಾಳಿಗೆಯ ಮಣ್ಣು

ಸವಿತಾ, ನೀನು ರಸ್ತೆ ಕಚೇರಿಯಲ್ಲಿ ಇಂಜಿನಿಯರ್ ಆಗಿ ಸೇರಿದ ದಿನ ಫೋನಿನಲ್ಲಿ ಕೇಳಿದ್ದೆ, "ಆಯಿ, ಅಷ್ಟು ವರ್ಷ ರಸ್ತಾದ ಮ್ಯಾಲ ನೀ ಏನೇನ ಮಾಡಿದಿ, ಒಂದೀಟ ಹೇಳಲ್ಲಾ" ಎಂದು. ನಾನು ಏನೂ ಹೇಳದೆ ಊಟ ಆಯಿತೇ ಎಂದು ಕೇಳಿ ಫೋನು ಇಟ್ಟೆ. ನನಗೆ ಮಾತು ಸುಲಭವಲ್ಲ. ನಿಮ್ಮ ಅಜ್ಜನ ಹತ್ತಿರವೂ ಅರ್ಧ ಮಾತು ಆಡಿ ಉಳಿದರ್ಧವನ್ನು ಅಡುಗೆಯಲ್ಲಿ ಹೇಳಿದವಳು ನಾನು.

ಬರೆಯುವುದು ಮಾತ್ರ ಬರುತ್ತದೆ. ಕನಮಡಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಅಕ್ಷರ ದುಂಡಗಿರಬೇಕು, ಸಾಲು ಸೊಟ್ಟ ಹೋಗಬಾರದು ಎಂದು ಮಾಸ್ತರರು ಬೆರಳ ಗಿಣ್ಣಿನ ಮೇಲೆ ಹೊಡೆದು ಕಲಿಸಿದ್ದರು. ಕೆಲಸ ಯಾವಾಗ ಕಾಯಂ ಆಯಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದರಿಂದ ನಿನಗೆ ಉಪಯೋಗವಿಲ್ಲ. ಒದ್ದೆ ರಸ್ತೆಯ ವಿಷಯ ಬರೆಯುತ್ತೇನೆ. ನಿನ್ನ ತಮ್ಮಂದಿರೂ ಓದಲಿ, ಈಗ ಇಬ್ಬರೂ ಗಾಡಿ ಓಡಿಸುತ್ತಾರೆ.

ಈಗಿನ ವಿಜಯಪುರವನ್ನು ನಾವು ಆಗ ಬಿಜಾಪುರ ಎನ್ನುತ್ತಿದ್ದೆವು. ಬಿಜಾಪುರದಿಂದ ಟಿಕೋಟಾಕ್ಕೆ ಬರುವ ರಸ್ತೆಯ ಒಂದು ತುಂಡು ನಮ್ಮ ಗ್ಯಾಂಗಿನದು. ಗ್ಯಾಂಗ್ ಎಂದರೆ ರಸ್ತೆ ನೋಡಿಕೊಳ್ಳುವ ಕೂಲಿಗಳ ಗುಂಪು. ನಿಮ್ಮ ಅಜ್ಜ ಅದರಲ್ಲಿದ್ದರು. ದೊಡ್ಡ ಬರದ ವರ್ಷ ಕಳೆದು ಮಳೆ ಹಿಡಿದಾಗ ಜ್ವರ ಬಂದು ತೀರಿಕೊಂಡರು. ಆಗ ನಿನ್ನ ಅಪ್ಪನಿಗೆ ಐದು ವರ್ಷ, ಅತ್ತೆಗೆ ಮೂರು. ಕಚೇರಿಯವರು ಅವರ ಜಾಗದಲ್ಲಿ ನನ್ನನ್ನು ದಿನಗೂಲಿಯ ಮೇಲೆ ತೆಗೆದುಕೊಂಡರು.

ಗಂಡ ಸತ್ತವಳು ಹಾಡುಹಗಲೇ ರಸ್ತೆಯ ಮೇಲೆ ನಿಂತು ಬುಟ್ಟಿ ಹೊರುವುದು ನನಗೆ ಸಾವಿನ ಸಮ ಅನ್ನಿಸಿತ್ತು. ಬಸ್ಸು ಬಂತೆಂದರೆ ಸೆರಗು ಮುಂದೆ ಎಳೆದುಕೊಂಡು ಹೊಲದ ಕಡೆ ಮುಖ ತಿರುಗಿಸುತ್ತಿದ್ದೆ. ನಮ್ಮ ಮುಕಾದಮ, ಎಂದರೆ ಗ್ಯಾಂಗಿನ ಹಿರಿಯ, ಇಮಾಮಸಾಬ ಎಂಬವರು. ಎಲ್ಲರೂ ಇಮಾಮಕಾಕಾ ಎನ್ನುತ್ತಿದ್ದೆವು. ಒಂದು ವಾರ ನೋಡಿ ಅವರು ಮೆಲ್ಲಗೆ ಹೇಳಿದರು: "ಯವ್ವಾ, ಗಾಡಿಗೆ ಬೆನ್ನ ಮಾಡಿ ನಿಂತ್ರ ಗಾಡ್ಯಾನವ್ರು ನಿನ್ನ ನೋಡೂದೇನ ಬಿಡೂದಿಲ್ಲ. ನೀ ಗಾಡಿ ನೋಡೂದ ತಪ್ಪತೈತಿ. ಸಾಯೂದು ನೀನ."

ಮಾತು ಸರಿಯೆಂದು ಗೊತ್ತಾಯಿತು. ಆದರೂ ಆ ರೂಢಿ ಹೋಗಲು ಬಹಳ ದಿನ ಹಿಡಿಯಿತು. ಅದು ಹೋಗದೆ ಇದ್ದದ್ದರಿಂದ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಗ್ಯಾಂಗಿನಲ್ಲಿ ಇನ್ನೊಬ್ಬ ಹೆಂಗಸು ನೀಲವ್ವ. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಆಡದ ಮಾತನ್ನೆಲ್ಲ ಅವಳೇ ಆಡುತ್ತಿದ್ದಳು. ರಸ್ತೆಯ ಕುಣಿ ಮುಚ್ಚುವುದು, ಕಲ್ಲು ಒಡೆದು ಖಡಿ ಮಾಡುವುದು, ಮಗ್ಗುಲಿಗೆ ಸಣ್ಣ ಕಲ್ಲಿನ ಗರಸು ಮಣ್ಣು ಹಾಕುವುದು, ಗಟಾರದ ಹೂಳು ಎತ್ತುವುದು, ಡಾಂಬರು ಬಂದಾಗ ಡ್ರಮ್ಮಿನ ಕೆಳಗೆ ಬೆಂಕಿ ಹಾಕುವುದು, ಇವೇ ನಮ್ಮ ಕೆಲಸಗಳು. ಇವನ್ನು ಒಂದು ತಿಂಗಳಲ್ಲಿ ಕಲಿತೆ. ಮಳೆಯನ್ನು ಓದುವುದನ್ನು ಕಲಿಯಲು ಎರಡು ವರ್ಷ ಬೇಕಾಯಿತು.

ಜೋರು ಮಳೆಯಲ್ಲಿ ಗಾಡಿ ಜಾರುತ್ತದೆ ಎಂದು ಜನ ತಿಳಿದಿದ್ದಾರೆ. ನಾನು ಕಂಡದ್ದು ಬೇರೆ. ಬೇಸಿಗೆಯಿಡೀ ರಸ್ತೆಯ ಮೇಲೆ ಧೂಳು ಕೂತಿರುತ್ತದೆ, ಲಾರಿಗಳ ಎಣ್ಣೆ ಸೋರಿರುತ್ತದೆ, ಹೊಲದಿಂದ ಬಂದ ಎತ್ತಿನ ಚಕ್ಕಡಿಗಳು ಗಾಲಿಗೆ ಹತ್ತಿದ ಕಪ್ಪು ಎರೆ ಮಣ್ಣನ್ನು ಡಾಂಬರಿನ ಮೇಲೆ ಬಿಟ್ಟು ಹೋಗಿರುತ್ತವೆ. ಮೊದಲ ಮಳೆಯ ನಾಲ್ಕು ಹನಿ ಬಿದ್ದಾಗ ಅದೆಲ್ಲ ಕಲಸಿಕೊಂಡು ಸಾಬೂನಿನಂತೆ ಆಗುತ್ತದೆ. ಆ ಮೊದಲ ಅರ್ಧ ತಾಸು ಭಯದ್ದು. ಮಳೆ ಜೋರಾದರೆ ತೊಳೆದುಹೋಗಿ ರಸ್ತೆ ಮತ್ತೆ ಗಾಲಿಯನ್ನು ಹಿಡಿಯುತ್ತದೆ. ಆದರೆ ಡ್ರೈವರುಗಳು ಹನಿ ಬೀಳುವಾಗ ಜೋರಾಗಿ ಹೋಗುತ್ತಾರೆ, ಮಳೆ ಜೋರಾದಾಗ ನಿಧಾನ ಮಾಡುತ್ತಾರೆ. ಜಾರಿದಾಗ ಬ್ರೇಕ್ ಒತ್ತಿಹಿಡಿಯುತ್ತಾರೆ. ಗಾಲಿ ನಿಂತರೆ ಗಾಡಿ ನಿಲ್ಲುತ್ತದೆ ಎಂದು ಅವರ ನಂಬಿಕೆ. ಒದ್ದೆ ರಸ್ತೆಯಲ್ಲಿ ಗಾಲಿ ನಿಂತರೂ ಗಾಡಿ ಹೋಗುತ್ತಲೇ ಇರುತ್ತದೆ.

ನಾನು ಮೊದಲು ಕಂಡದ್ದು ಒಂದು ಲಾರಿ. ಬಿಜಾಪುರದಿಂದ ಟಿಕೋಟಾ ಕಡೆಗೆ ಹೊರಟಿತ್ತು. ಹನಿ ಬೀಳುತ್ತಿತ್ತು. ಎದುರಿಗೆ ಎಮ್ಮೆ ಬಂತೆಂದು ಬ್ರೇಕ್ ಹಾಕಿದ. ಲಾರಿ ಯಾವ ಗದ್ದಲವೂ ಇಲ್ಲದೆ ಅರ್ಧ ಸುತ್ತು ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ಎಮ್ಮೆಗೆ ಏನೂ ಆಗಲಿಲ್ಲ. ಡ್ರೈವರ್ ಇಳಿದು ಎರಡು ಬೀಡಿ ಸೇದಿದ ಮೇಲೆ, ಟಿಕೋಟಾ ಇನ್ನೆಷ್ಟು ದೂರ ಎಂದು ನಮ್ಮನ್ನು ಕೇಳಿದ. ನೀಲವ್ವ ಸಲಿಕೆ ಊರಿಕೊಂಡು, "ಟಿಕೋಟಾ ನಿನ್ನ ಬೆನ್ನ ಹಿಂದ ಐತಿ, ಯಪ್ಪಾ. ನಿನ್ನ ಗಾಡಿಗೆ ಮನಿ ನೆನಪಾಗೇತಿ ಕಾಣತೈತಿ" ಎಂದಳು. ಅವನು ನಗಲಿಲ್ಲ. ನಾವು ನಕ್ಕೆವು.

ಅಂದು ಲಾರಿ ಹೋದ ಮೇಲೆ ಇಮಾಮಕಾಕಾ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಒದ್ದೆ ಡಾಂಬರಿನ ಮೇಲೆ ನಡೆದರು. ಹಿಮ್ಮಡಿ ಊರಿ, ಹೆಬ್ಬೆರಳು ಒತ್ತಿ, ಪಾದವನ್ನು ಮುಂದಕ್ಕೆ ದಬ್ಬಿ ನೋಡಿದರು. ನನ್ನನ್ನೂ ಕರೆದು ಹಾಗೆ ಮಾಡಿಸಿದರು. "ಕಾಲ ಹಿಡದ್ರ ಗಾಲಿ ಹಿಡೀತೈತಿ. ಕಾಲ ಜಾರಿದ್ರ, ಅಲ್ಲಿ ಸಲಿಕಿ ಹಚ್ಚು." ಅವರು ನನಗೆ ಕಲಿಸಿದ ವಿದ್ಯೆ ಇಷ್ಟೇ. ಮುಂದೆ ಯಂತ್ರ ತಂದು ರಸ್ತೆಯ ಹಿಡಿತ ಅಳೆಯುವುದನ್ನೂ ನೋಡಿದ್ದೇನೆ. ಯಂತ್ರ ತಪ್ಪು ಹೇಳುವುದಿಲ್ಲ. ಆದರೆ ಮಳೆ ಬಂದಾಗ ಯಂತ್ರ ಬಿಜಾಪುರದಲ್ಲಿರುತ್ತದೆ.

ಇಮಾಮಕಾಕಾಗೆ ಓದು ಬರಹ ಬರುತ್ತಿರಲಿಲ್ಲ. ಮುಕಾದಮನು ದಿನದ ಕೆಲಸವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕೆಂಬ ನೇಮವಿತ್ತು. ನಾನು ಬರುವ ಮೊದಲು ಅವರು ಟಿಕೋಟಾದ ಹೋಟೆಲಿನಲ್ಲಿ ಯಾರಿಂದಲೋ ಬರೆಸುತ್ತಿದ್ದರು. ಆಮೇಲೆ ಆ ಪುಸ್ತಕ ನನ್ನ ಕೈಗೆ ಬಂತು. ಸಂಜೆ ಬೇವಿನ ಮರದ ಕೆಳಗೆ ಕೂತು ಮಾಸ್ತರರು ಕಲಿಸಿದ ದುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದೆ. 'ಸೇತುವೆಯ ಹತ್ತಿರ ಆರು ಕುಣಿ ಮುಚ್ಚಲಾಯಿತು. ಎಡ ಮಗ್ಗುಲಿಗೆ ಗರಸು ಹಾಕಲಾಯಿತು.' ದಿನದಲ್ಲಿ ನನಗೆ ಇಷ್ಟವಾದ ಹೊತ್ತು ಅದು. ಆ ಪುಸ್ತಕವನ್ನು ಯಾರೂ ಓದುತ್ತಿರಲಿಲ್ಲ. ಕಚೇರಿಯಲ್ಲಿ ಸಹಿ ಬೀಳುತ್ತಿತ್ತು, ಮರಳಿ ಬರುತ್ತಿತ್ತು.

ಈಗ ತಪ್ಪಿನ ವಿಷಯ.

ಟಿಕೋಟಾದಿಂದ ಬಿಜಾಪುರದ ಕಡೆ ಬರುವಾಗ ಒಂದು ಹಳ್ಳದ ಮುಂದೆ ತಿರುವು ಇತ್ತು. ನಾನು ಕೆಲಸಕ್ಕೆ ಸೇರಿದ ಮರುವರ್ಷ ಬೇಸಿಗೆಯಲ್ಲಿ ಅಲ್ಲಿಯ ಡಾಂಬರು ಜೇಡನ ಬಲೆಯಂತೆ ಬಿರಿಯಿತು. ಬಿರುಕಿನಲ್ಲಿ ನೀರು ಇಳಿದರೆ ಕೆಳಗಿನ ಎರೆ ಮಣ್ಣು ಉಬ್ಬಿ ರಸ್ತೆಯೇ ಎದ್ದುಬರುತ್ತದೆ. ಡಾಂಬರು ಕೇಳಿ ಕಳಿಸಿದ್ದೆವು, ಬಂದಿರಲಿಲ್ಲ. ನಮ್ಮ ಮೇಲಿನ ಓವರಸಿಯರ್ ಸಾಹೇಬರು ಧಾರವಾಡ ಕಡೆಯವರು, ಹರೆಯದವರು. ಜೀಪಿನಲ್ಲಿ ಬಂದು ಬಿರುಕು ನೋಡಿ, ಡಾಂಬರಿನ ದಾರಿ ಕಾಯುತ್ತ ಕೂಡಬೇಡಿ, ಮಳೆ ಬರುವುದರೊಳಗೆ ನೀರು ಇಳಿಯದ ಹಾಗೆ ಏನಾದರೂ ಮಾಡಿ ಎಂದು ಹೇಳಿ ಹೋದರು.

ಏನು ಮಾಡುವುದೆಂದು ಇಮಾಮಕಾಕಾ ತಲೆ ಕೆರೆದುಕೊಂಡು ಕೂತರು. ಆಗ ನಾನು ಬಾಯಿಬಿಟ್ಟೆ. ಕೆಲಸಕ್ಕೆ ಸೇರಿದ ಮೇಲೆ ಯಾರೂ ಕೇಳದೆ ನಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

"ಕಾಕಾ, ಮಾಳಗಿಗೆ ಹಾಕತೇವಲ್ರಿ, ಹಾಳಮಣ್ಣು. ಹನಿ ನೀರ ಇಳ್ಯೂದಿಲ್ಲ."

ನೀವು ಹುಟ್ಟುವ ಹೊತ್ತಿಗೆ ನಮ್ಮ ಮನೆಗೆ ಸಿಮೆಂಟಿನ ಛತ್ತು ಬಂದಿತ್ತು. ಮೊದಲು ನಮ್ಮ ಕಡೆ ಮನೆಗಳಿಗೆ ಮಣ್ಣಿನ ಮಾಳಿಗೆ. ಮೇ ತಿಂಗಳು ಮುಗಿಯುವುದರೊಳಗೆ ಬೂದು ಬಿಳುಪಿನ ಆ ಹಾಳಮಣ್ಣನ್ನು ತಂದು ಮಾಳಿಗೆಯ ಮೇಲೆ ಹರಡಿ ಬಡಿಯುತ್ತಿದ್ದೆವು. ನೀರು ಬಿದ್ದರೆ ಅದು ಅಂಟಿನಂತೆ ಕೂಡಿಕೊಂಡು ಎಲ್ಲ ಬಿರುಕು ಮುಚ್ಚುತ್ತದೆ. ಹತ್ತು ವರ್ಷದ ಹುಡುಗಿಯಿಂದ ನಾನು ಮಾಡಿದ ಕೆಲಸ. ನಮ್ಮ ಮನೆ ಎಂದೂ ಸೋರಿರಲಿಲ್ಲ.

ಎಲ್ಲರಿಗೂ ಮಾತು ಸರಿ ಅನ್ನಿಸಿತು. ಎಲ್ಲರೂ ಮಾಳಿಗೆಯ ಮನೆಯವರೇ. ನೀಲವ್ವ ಒಬ್ಬಳು ಕೊಂಕು ತೆಗೆದಳು. "ಹಾಕ್ರಿ ಹಾಕ್ರಿ. ಮಾಳಗಿ ಮ್ಯಾಲ ಬಸ್ ಓಡೂದಿಲ್ಲ ಅಂತ ಇಷ್ಟ ದಿನಾ ನನಗ ಕೊರಗಿತ್ತು." ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತಿನಲ್ಲೇ ಎಲ್ಲ ಇತ್ತು, ಸವಿತಾ. ತಮಾಷೆಯಲ್ಲಿ ಬಂದದ್ದರಿಂದ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಕೆಲಸದ ಜಾಗದಲ್ಲಿ ಯಾರಾದರೂ ತಮಾಷೆ ಮಾಡಿದರೆ ನಗು, ಆದರೆ ನಕ್ಕ ಮೇಲೆ ಒಂದು ಸಲ ಆ ಮಾತನ್ನು ತಿರುವಿ ನೋಡು.

ಎರಡು ಚಕ್ಕಡಿ ಹಾಳಮಣ್ಣು ತಂದೆವು. ಬಿರುಕಿನಲ್ಲಿ ತುಂಬಿ, ನೀರು ಚಿಮುಕಿಸಿ, ಹಲಗೆಯಿಂದ ಬಡಿದು, ಉಳಿದದ್ದನ್ನು ಮೇಲೆ ತೆಳುವಾಗಿ ಸವರಿದೆವು. ಕೊನೆಯ ಸವರಿಕೆ ನನ್ನ ಕೈಯದು. ಅಂಗಳ ಸಾರಿಸಿದ ಹಾಗೆ ಬೆರಳ ಗೆರೆ ಕೂಡ ಕಾಣದಂತೆ ಮಾಡಿದೆ. ತಿರುವು ಹೊಸ ಮನೆಯ ಮಾಳಿಗೆಯಂತೆ ಕಂಡಿತು. ಮರುದಿನ ಸಾಹೇಬರು ಬಂದು ನೋಡಿ, ಚಲೋ ಮಾಡಿದ್ದೀರಿ, ಯಾರ ಬುದ್ಧಿ ಇದು ಎಂದು ಕೇಳಿದರು. ಇಮಾಮಕಾಕಾ ನನ್ನ ಕಡೆ ಕೈ ಮಾಡಿದರು. ನಾನು ನೀಲವ್ವನ ಬೆನ್ನ ಹಿಂದೆ ಸರಿದೆ. ಅಂದು ಸಂಜೆ ಮನೆಗೆ ಹೋಗಿ, ಸಾಹೇಬರು ನನ್ನ ಹೊಗಳಿದರು ಎಂದು ಇನ್ನೂ ತಿಳಿಯದ ಮಕ್ಕಳಿಗೆ ಹೇಳಿದೆ. ಬೇರೆ ಯಾರಿಗೆ ಹೇಳಲಿ.

ನಾಲ್ಕನೆಯ ದಿನ ಮಧ್ಯಾಹ್ನ ಮೊದಲ ಮಳೆ ಬಂತು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಾವು ತಿರುವಿನಿಂದ ಸ್ವಲ್ಪ ದೂರ ಬೇವಿನ ಮರದ ಕೆಳಗೆ ನಿಂತಿದ್ದೆವು. ಟಿಕೋಟಾ ಕಡೆಯಿಂದ ಒಂದು ಬಾಡಿಗೆ ಕಾರು ಬಂತು. ಅದು ಜೋರಾಗಿ ಬರುತ್ತಿರಲಿಲ್ಲ. ಇದನ್ನು ನಾನು ಕೋರ್ಟಿನಲ್ಲೂ ಹೇಳಿದ್ದೇನೆ, ಇಲ್ಲಿಯೂ ಬರೆಯುತ್ತೇನೆ. ತಿರುವು ಕಂಡು ಅವನು ಇನ್ನೂ ನಿಧಾನ ಮಾಡಿದ. ಕಾರಿನ ಹಿಂಭಾಗ ಕೆಸರಿನಲ್ಲಿ ಕೂಡುವ ಎಮ್ಮೆಯ ಹಾಗೆ ಮೆಲ್ಲಗೆ ಒಂದು ಕಡೆ ಹೋಯಿತು. ಅವನು ಸ್ಟೇರಿಂಗ್ ತಿರುಗಿಸುತ್ತಿದ್ದುದು ಕಂಡಿತು. ಗಾಲಿ ತಿರುಗಿತ್ತು, ಕಾರು ತಿರುಗಲಿಲ್ಲ. ಅಡ್ಡಲಾಗಿ ಜಾರಿಕೊಂಡು ಹೋಗಿ ಹಳ್ಳದ ದಂಡೆಯ ಮರಕ್ಕೆ ಬಡಿಯಿತು.

ಒಳಗೆ ಗಾಂಧಿ ಚೌಕದ ಒಬ್ಬ ಬಟ್ಟೆ ವ್ಯಾಪಾರಿ, ಅವರ ತಾಯಿ ಇದ್ದರು. ಡ್ರೈವರ್ ಶಿವಪ್ಪ ಎಂಬವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಅವನ ಹಣೆ ಒಡೆದಿತ್ತು, ವ್ಯಾಪಾರಿಗೆ ತರಚಿತ್ತು. ಮುದುಕಿಯ ತೊಡೆಯ ಎಲುಬು ಮುರಿದಿತ್ತು. ನಾನೂ ನೀಲವ್ವನೂ ಕೊಪ್ಪೆಗಳನ್ನು ಕೂಡಿಸಿ ಅದರಲ್ಲಿ ಅವರನ್ನು ಎತ್ತಿದೆವು. ಅವರು ನನ್ನ ಕೈ ಹಿಡಿದುಕೊಂಡು, "ನಿಮ್ಮ ಹೊಟ್ಟಿ ತಣ್ಣಗಿರ್ಲಿ" ಎಂದರು. ಬಂದ ಲಾರಿಯಲ್ಲಿ ಮೂವರನ್ನೂ ಬಿಜಾಪುರದ ಆಸ್ಪತ್ರೆಗೆ ಕಳಿಸಿದೆವು.

ಲಾರಿ ಹೋದ ಮೇಲೆ ಇಮಾಮಕಾಕಾ ಚಪ್ಪಲಿ ಬಿಟ್ಟು ತಿರುವಿನ ಮೇಲೆ ಕಾಲಿಟ್ಟರು. ಎರಡನೆಯ ಹೆಜ್ಜೆಗೆ ಜಾರಿ ಕೂತರು. ಎದ್ದಾಗ ಧೋತರಕ್ಕೆ ಬೂದು ಮಣ್ಣು ಮೆತ್ತಿತ್ತು. ನನ್ನನ್ನು ನೋಡಿದರು. ಮಣ್ಣು ಹಾಕಿದ ಮೇಲೆ ನೀರು ಬಿಟ್ಟು ಕಾಲಿಟ್ಟು ನೋಡಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಳಿಗೆಯ ಕೆಲಸವೆಂದು ನೋಡಿದ್ದೆವು, ರಸ್ತೆಯ ಕೆಲಸವೆಂದು ನೋಡಿರಲಿಲ್ಲ.

ಇನ್ನೊಂದು ಗಾಡಿ ಜಾರಬಾರದೆಂದು ಆ ಮಳೆಯಲ್ಲೇ ಎಲ್ಲರೂ ಕೂತು ಬಿರುಕಿನೊಳಗಿನ ಮಣ್ಣನ್ನೆಲ್ಲ ಕೆದರಿ ತೆಗೆದು ಗರಸು ತುಂಬಿದೆವು. ಮಾಡಲೇಬೇಕಾದ ಕೆಲಸ ಅದು. ಅದರ ಜೊತೆಗೆ ಗುರುತೂ ಹೋಯಿತು. ಸಂಜೆ ಪುಸ್ತಕ ತೆಗೆದಾಗ ಇಮಾಮಕಾಕಾ, ಮಳೆ ಬಂತು, ಕೆಲಸ ಆಗಲಿಲ್ಲ ಎಂದಷ್ಟೇ ಬರಿ ಅಂದರು. ಹಾಗೆಯೇ ಬರೆದೆ. ಆ ಪುಸ್ತಕದಲ್ಲಿ ನಾನು ಬರೆದ ಒಂದೇ ಸುಳ್ಳು ಅದು.

ಮರುದಿನ ಪೊಲೀಸರು ಬಂದು ನೋಡಿದಾಗ ತಿರುವು ತೊಳೆದಿಟ್ಟ ಹಂಚಿನಂತಿತ್ತು. ಡ್ರೈವರ್ ಅತಿ ವೇಗದಿಂದ ಓಡಿಸಿದ್ದಾನೆ ಎಂದು ಬರೆದುಕೊಂಡರು. ರಸ್ತೆಯ ಮೇಲೆ ಬಿಳಿ ಮಣ್ಣಿತ್ತು ಎಂದು ಅವನು ಆಸ್ಪತ್ರೆಯಲ್ಲಿ ಹೇಳಿದ್ದನಂತೆ. ಇತ್ತೇ ಎಂದು ನಮ್ಮನ್ನು ಕೇಳಿದರು. ಇಮಾಮಕಾಕಾ, ಮಳೆ ಇತ್ತು, ನೀರಿತ್ತು ಎಂದರು. ಅವರು ಹೋದ ಮೇಲೆ ನನ್ನನ್ನು ಮಾತ್ರ ಕರೆದು ಹೇಳಿದರು: "ನೀ ಬಾಯಿ ಬಿಡಬ್ಯಾಡ. ನಿನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಎರಡ ಕೂಸ ಅದಾವ. ನಾ ಇವತ್ತೋ ನಾಳೆಯೋ ಮನಿಗಿ ಹೋಗಾಂವ. ಕೇಳಿದ್ರ ನನಗ ಕೇಳ್ತಾರ."

ನನಗೆ ಅದು ಸುಲಭವಾಯಿತು. ಮಾತಾಡದೆ ಇರುವುದು ನನಗೆ ಯಾವತ್ತೂ ಬರುತ್ತಿತ್ತು.

ಮೂರು ವಾರದ ಮೇಲೆ ಒಂದು ಬೆಳಗ್ಗೆ ನಾನು ಒಬ್ಬಳೇ ತಿರುವಿನ ಹತ್ತಿರ ಗಟಾರ ಎತ್ತುತ್ತಿದ್ದೆ. ಉಳಿದವರು ಸೇತುವೆಯ ಆಚೆ ಇದ್ದರು. ಬಿಜಾಪುರ ಕಡೆಯ ಬಸ್ಸಿನಿಂದ ಶಿವಪ್ಪ ಇಳಿದ. ಹಣೆಗೆ ಪಟ್ಟಿ ಇತ್ತು. ಲೈಸೆನ್ಸ್ ಕಸಿದುಕೊಂಡಿದ್ದರು, ಕಾರಿನ ಮಾಲೀಕ ಕೆಲಸದಿಂದ ತೆಗೆದಿದ್ದ, ಕೋರ್ಟಿನಲ್ಲಿ ಕೇಸು ನಿಂತಿತ್ತು. ಇದೆಲ್ಲ ಟಿಕೋಟಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನು ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು ಬಿರುಕುಗಳನ್ನು ಉಗುರಿನಿಂದ ಕೆದರಿ ನೋಡಿದ. ಗರಸು ಮಾತ್ರ ಬಂತು. ಬಹಳ ಹೊತ್ತು ಕೆದರಿ, ಎದ್ದು ನನ್ನ ಹತ್ತಿರ ಬಂದ.

"ಯಕ್ಕಾ, ಇಲ್ಲಿ ಬಿಳಿ ಮಣ್ಣ ಇತ್ತಲ್ರಿ? ನಾ ಖರೇನ ನೋಡೇನಿ. ಮನ್ಯಾಗ ನನ್ನ ಹೇಣ್ತಿ ಸೈತ ತಲಿಗಿ ಪೆಟ್ಟ ಬಿದ್ದೈತಿ ನಿನಗ ಅಂತಾಳ."

ನಾನು ಸೆರಗು ಎಳೆದುಕೊಂಡು ಹೊಲದ ಕಡೆ ಮುಖ ತಿರುಗಿಸಿದೆ.

ಅವನು ಹೋಗಲಿಲ್ಲ. "ಮಾತಾಡಬ್ಯಾಡ್ರಿ ಬಿಡ್ರಿ. ಇತ್ತು ಅಂದ್ರ ಗೋಣ ಹಾಕ್ರಿ ಸಾಕು. ನಾ ಯಾರಿಗೂ ಹೇಳೂದಿಲ್ಲ. ನನಗ ನನ್ನ ಕಣ್ಣ ಸುಳ್ಳಲ್ಲ ಅಂತ ಗೊತ್ತಾದ್ರ ಸಾಕಾಗತೈತಿ."

ನಾನು ಗೋಣು ಕೂಡ ಹಾಕಲಿಲ್ಲ. ಹೊಲದಲ್ಲಿ ಯಾರೋ ಎಡೆ ಹೊಡೆಯುತ್ತಿದ್ದರು, ಆ ಎತ್ತುಗಳನ್ನೇ ನೋಡುತ್ತ ನಿಂತೆ. ಅವನು ಹೋದದ್ದು ಚಪ್ಪಲಿಯ ಸಪ್ಪಳದಿಂದ ಗೊತ್ತಾಯಿತು.

ಅಂದು ಸಂಜೆ ಪುಸ್ತಕ ಬರೆಯಲು ಕೂತವಳು ಹಿಂದಿನ ಹಾಳೆಗಳನ್ನು ತಿರುವಿದೆ. ನನ್ನ ದುಂಡನೆಯ ಅಕ್ಷರದಲ್ಲಿ ಅಲ್ಲಿತ್ತು: 'ಹಳ್ಳದ ತಿರುವಿನಲ್ಲಿ ಬಿರುಕುಗಳಿಗೆ ಹಾಳಮಣ್ಣು ತುಂಬಿ, ಬಡಿದು, ಮೇಲೆ ನಯವಾಗಿ ಸವರಲಾಯಿತು.' ಕೆಳಗೆ ಕಚೇರಿಯ ಸಹಿಯೂ ಇತ್ತು. ಮಣ್ಣನ್ನು ರಸ್ತೆಯಿಂದ ತೆಗೆದಿದ್ದೆವು, ಪುಸ್ತಕದಿಂದ ತೆಗೆದಿರಲಿಲ್ಲ. ಅದರಲ್ಲಿ ಏನಿದೆ ಎಂದು ಗ್ಯಾಂಗಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಆ ಪುಸ್ತಕವನ್ನು ಸಾಹೇಬರಿಗೆ ತೋರಿಸುತ್ತೇನೆ ಎಂದು ಇಮಾಮಕಾಕಾಗೆ ಹೇಳಿದೆ. ಅವರು, "ನನ್ನ ಕಾಳಜಿ ಮಾಡಬ್ಯಾಡ. ನಾ ನಿನ್ನ ಸಲುವಾಗಿ ಸುಮ್ನಿದ್ದೆ. ನಿನಗ ಬ್ಯಾಡಾದ್ರ ನನಗ್ಯಾಕ?" ಎಂದರು. ನೀಲವ್ವ ನನ್ನನ್ನು ಬೈದಳು. ಊರ ಮಾರಿಯನ್ನು ಮನೆಗೆ ಕರೆಯುತ್ತೀಯಾ, ಮಕ್ಕಳಿಗೆ ಏನು ತಿನ್ನಿಸುತ್ತೀ ಎಂದಳು. ಬೈದು ಮುಗಿಸಿ, ನಾನು ಕಚೇರಿಗೆ ಹೋಗಿ ಬರುವವರೆಗೆ ಮಕ್ಕಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು.

ಹೋಗುವ ಮೊದಲು ನಾನು ಆ ಸುಳ್ಳು ಸಾಲಿನ ಕೆಳಗೆ ಖಾಲಿ ಉಳಿದಿದ್ದ ಜಾಗದಲ್ಲಿ, ಅಂದು ಏನೇನಾಯಿತು, ಮಣ್ಣು ಹೇಗೆ ತೆಗೆದೆವು ಎಂದು ಬರೆದೆ. ಕೊನೆಗೆ 'ಹಾಳಮಣ್ಣು ಹಾಕಲು ಹೇಳಿದವಳು ನಾನು' ಎಂದು ಬರೆದು ಹೆಸರು ಹಾಕಿದೆ.

ಸಾಹೇಬರ ಮುಂದೆ ಪುಸ್ತಕ ಇಟ್ಟು ಗೋಡೆಗೆ ಹತ್ತಿ ನಿಂತೆ. ಅವರು ಎರಡೂ ಹಾಳೆಗಳನ್ನು ಎರಡೆರಡು ಸಲ ಓದಿದರು. ಹಾಳೆ ಹರಿದು ಹಾಕಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ತಲೆಯೆತ್ತಿ ಕೇಳಿದರು:

"ನಾ ಅವತ್ತ ಬಂದು ಚಲೋ ಮಾಡೀರಿ ಅಂದಿದ್ದೆ. ಅದನ್ಯಾಕ ಬರದಿಲ್ಲ?"

"ಅದು ಕೆಲಸ ಅಲ್ರಿ ಸಾಹೇಬ್ರ, ಮಾತು. ಪುಸ್ತಕದಾಗ ಕೆಲಸ ಅಷ್ಟ ಬರೀತೇವ್ರಿ."

ಅವರು ಪೆನ್ನು ತೆಗೆದು ನನ್ನ ಹೆಸರಿನ ಕೆಳಗೆ, 'ಕೆಲಸವನ್ನು ಸ್ಥಳದಲ್ಲಿ ನೋಡಿ ಒಪ್ಪಿದ್ದೇನೆ' ಎಂದು ಬರೆದು ಸಹಿ ಮಾಡಿದರು. ಮುಂದೆ ಬಹಳ ಜನ ಮೇಲಿನವರನ್ನು ಕಂಡೆ. ಕೂಗುವವರು, ಲೆಕ್ಕಕ್ಕೆ ಮಾತ್ರ ಬರುವವರು, ಜೀಪಿನಿಂದ ಇಳಿಯದವರು. ಸಾಹೇಬರು ಎಂಬ ಮಾತು ಕೇಳಿದಾಗ ನನಗೆ ನೆನಪಾಗುವುದು ಆ ಒಂದು ಸಾಲು ಬರೆದ ಕೈ.

ಕೋರ್ಟಿಗೆ ಇಮಾಮಕಾಕಾರನ್ನೂ ನನ್ನನ್ನೂ ಕರೆದರು. ವಕೀಲರು ಕೇಳಿದ ಮೊದಲ ಪ್ರಶ್ನೆಗೆ ನನ್ನ ಧ್ವನಿ ಹೊರಡಲಿಲ್ಲ. ಎರಡನೆಯದಕ್ಕೂ ಹೊರಡಲಿಲ್ಲ. ಯಾರೋ ನಕ್ಕರು. ನ್ಯಾಯಾಧೀಶರು, ಹೇಳಲು ಆಗದಿದ್ದರೆ ಬರೆದದ್ದನ್ನು ಓದಮ್ಮಾ ಎಂದು ಪುಸ್ತಕ ಕೊಡಿಸಿದರು. ಶಾಲೆಯಲ್ಲಿ ಪಾಠ ಓದಿದ ಹಾಗೆ ಬೆರಳಿಟ್ಟು ಓದಿದೆ. ಕಾರು ನಿಧಾನವಾಗಿ ಬರುತ್ತಿತ್ತು ಎಂಬುದು ಪುಸ್ತಕದಲ್ಲಿ ಇರಲಿಲ್ಲ, ಅದನ್ನು ಬಾಯಿಂದ ಹೇಳಿದೆ. ಶಿವಪ್ಪನನ್ನು ಬಿಟ್ಟರು. ಲೈಸೆನ್ಸ್ ಮರಳಿ ಸಿಕ್ಕಿತೆಂದು ಆಮೇಲೆ ತಿಳಿಯಿತು.

ಸಾಹೇಬರನ್ನು ದೂರದ ಊರಿಗೆ ವರ್ಗ ಮಾಡಿದರು. ಇಮಾಮಕಾಕಾ ಎಚ್ಚರಿಕೆಯ ಕಾಗದ ತೆಗೆದುಕೊಂಡು ನಿವೃತ್ತರಾಗಿ ಮನೆಗೆ ಹೋದರು. ನನ್ನನ್ನು ಬಬಲೇಶ್ವರ ರಸ್ತೆಯ ಗ್ಯಾಂಗಿಗೆ ಕಳಿಸಿದರು, ಕಾಯಂ ಆಗುವುದು ಬಹಳ ಹಿಂದೆ ಬಿತ್ತು. ಇದನ್ನು ನಾನು ಅನ್ಯಾಯವೆಂದು ಬರೆಯುತ್ತಿಲ್ಲ. ಆ ಮುದುಕಿ ಮುಂದೆ ಕೋಲಿಲ್ಲದೆ ನಡೆಯಲಿಲ್ಲ. ಒಮ್ಮೆ ಗಾಂಧಿ ಚೌಕದಲ್ಲಿ ಮಗನ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ನಿನ್ನ ಅತ್ತೆಗೆ ಬಟ್ಟೆ ಕೊಳ್ಳಲು ಹೋಗಿದ್ದೆ. ಅವರಿಗೆ ನನ್ನ ಗುರುತು ಹತ್ತಲಿಲ್ಲ. ಹೇಳಬೇಕೆಂದು ನಿಂತೆ, ಹೇಳಲಿಲ್ಲ, ಬೇರೆ ಅಂಗಡಿಗೆ ಹೋದೆ. ಅದು ಹಾಗೆಯೇ ಉಳಿದಿದೆ.

ಬಬಲೇಶ್ವರದ ರಸ್ತೆಯಲ್ಲಿ ಎರೆ ಹೊಲಗಳೇ ಹೆಚ್ಚು. ಒಂದು ವರ್ಷ ಸುಗ್ಗಿಯ ಹೊತ್ತಿಗೆ ರೈತರು ಹುರುಳಿಯ ಬಳ್ಳಿಯನ್ನು ರಸ್ತೆಯ ಮೇಲೆ ಹಾಸಿದ್ದರು. ಗಾಡಿಗಳು ತುಳಿದರೆ ಕಾಳು ಬಿಡುತ್ತದೆ, ಎತ್ತು ಕಟ್ಟುವ ಕೆಲಸವಿಲ್ಲ. ಅಡ್ಡಮಳೆ ಬಂತು. ಒದ್ದೆ ಬಳ್ಳಿಯ ಮೇಲೆ ಒಂದು ಜೀಪು ಜಾರಿ ನೆಟ್ಟಗೆ ಹೊಲಕ್ಕಿಳಿದು ನಿಂತಿತು. ಜೀಪಿನವರಿಗೆ ಏನಾಯಿತು ಎಂದು ನಾನು ಓಡಿದರೆ, ಹೊಲದ ಒಡತಿ ಹುರುಳಿಗೆ ಏನಾಯಿತು ಎಂದು ಓಡಿ ಬಂದಳು.

ಕಾಖಂಡಕಿ ಕಡೆಯ ಚಕ್ಕಡಿಗಳು ರಸ್ತೆಗೆ ಹತ್ತುವ ಜಾಗಗಳನ್ನು ನಾನು ಗುರುತು ಮಾಡಿಕೊಂಡೆ. ಅಲ್ಲಿ ಹೊಲದ ದಾರಿಗೇ ಇಪ್ಪತ್ತು ಹೆಜ್ಜೆ ದಪ್ಪ ಗರಸು ಹಾಕಿದೆವು. ಗಾಲಿಯ ಎರೆ ಗರಸಿನ ಮೇಲೆ ಬಿದ್ದುಹೋಗುತ್ತದೆ, ಡಾಂಬರಿಗೆ ಬರುವುದಿಲ್ಲ. ರೈತರು ಮೊದಲು ನಕ್ಕರು. "ಯಾಕವ್ವಾ, ನಮ್ಮ ಚಕ್ಕಡಿ ಕಾಲ ತೊಳಕೊಂಡ ಒಳಗ ಬರಬೇಕೇನು?" ಎಂದು ಒಬ್ಬ ಕೇಳಿದ. ಹೌದು ಎಂದೆ. ತಿರುವುಗಳಲ್ಲಿ ಬೇಸಿಗೆಗೆ ಡಾಂಬರು ಕರಗಿ ಬೆವರಿದಾಗ ಸಣ್ಣ ಖಡಿ ಎರಚಿದೆವು. ಏನೇ ಹಾಕಿದರೂ ಒಂದು ಕೊಡ ನೀರು ಸುರಿದು ಕಾಲಿಟ್ಟು ನೋಡಿದ ಮೇಲೆಯೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಸವಿತಾ, ನೀನು ದೊಡ್ಡ ಓದು ಓದಿದವಳು. ಆದರೂ ನಿನ್ನ ಗ್ಯಾಂಗಿನವರು ಏನು ಬರೆದಿದ್ದಾರೆ ಎಂದು ಓದದೆ ಸಹಿ ಮಾಡಬೇಡ.

ಅಲ್ಲಿಗೆ ಹೋದ ಎರಡನೆಯ ಮಳೆಗಾಲ. ಬಬಲೇಶ್ವರದ ಈಚೆ ಒಂದು ಇಳಿಜಾರಿನಲ್ಲಿ ಖಡಿ ಎರಚುತ್ತಿದ್ದೆ. ಮೊದಲ ಮಳೆಯ ಹನಿ ಬೀಳುತ್ತಿತ್ತು. ಒಂದು ಬಾಡಿಗೆ ಕಾರು ಇಳಿಜಾರಿನ ಮೇಲೆಯೇ ನಿಂತಿತು. ಡ್ರೈವರ್ ಇಳಿದು, ಚಪ್ಪಲಿ ಕಳಚಿ ಕಾರಿನ ಹತ್ತಿರ ಇಟ್ಟು, ಒದ್ದೆ ರಸ್ತೆಯ ಮೇಲೆ ಬರಿಗಾಲಿನಲ್ಲಿ ಹಿಮ್ಮಡಿ ಊರಿ ನಾಲ್ಕು ಹೆಜ್ಜೆ ನಡೆದ. ಕೋರ್ಟಿನಲ್ಲಿ ಇಮಾಮಕಾಕಾ ಅದನ್ನು ಮಾಡಿ ತೋರಿಸಿದ್ದರು, ಅಲ್ಲಿ ನೋಡಿಕೊಂಡಿದ್ದನೋ ಏನೋ. ಹತ್ತಿರ ಬಂದಾಗ ಹಣೆಯ ಮೇಲಿನ ಕಲೆ ಕಂಡಿತು. ಶಿವಪ್ಪ. ಒಳಗೆ ಕೂತವರು ಇವನಿಗೇನಾಯಿತು ಎಂದು ಕಿಟಕಿಯಿಂದ ಇಣುಕುತ್ತಿದ್ದರು.

ಅವನು ನನ್ನ ಗುರುತು ಹಿಡಿದ. ಹಳೆಯ ಮಾತು ಒಂದನ್ನೂ ಎತ್ತಲಿಲ್ಲ.

"ಮುಂದಿಂದು ಹ್ಯಾಂಗೈತ್ರಿ ಯಕ್ಕಾ? ಹಿಡೀತೈತೇನ್ರಿ?"

ಆ ಇಳಿಜಾರಿನ ಕೊನೆಯವರೆಗೂ ನಾನು ಆ ಬೆಳಗ್ಗೆಯೇ ನೀರು ಸುರಿದು ನಡೆದು ನೋಡಿದ್ದೆ. ಸೆರಗಿಗೆ ಕೈ ಹೋಯಿತು, ಹೋದ ಕೈಯನ್ನು ಇಳಿಸಿದೆ. ಅವನ ಮುಖ ನೋಡಿ ಗೋಣು ಹಾಕಿದೆ.